ಮುಂದಿನ ವಾರ ಬಂದ ತೋಮಸರು



ಜುಲೈ 3ರಂದು ನಾವು ಪ್ರೇಷಿತ ಸಂತ ತೋಮಸರ ಹಬ್ಬವನ್ನು ಆಚರಿಸುತ್ತೇವೆ. ಭಾರತಕ್ಕೆ ಶುಭಸಂದೇಶವನ್ನು ತಂದವರು, ಮೈಲಾಪುರದಲ್ಲಿ ರಕ್ತಸಾಕ್ಷಿಯಾದವರು ಎಂದು ಪರಂಪರೆ ಅವರನ್ನು ಸ್ಮರಿಸುತ್ತದೆ. ಆದರೂ ಅವರ ಹೆಸರೆತ್ತಿದೊಡನೆ ನಮ್ಮ ಜನರ ಬಾಯಿಗೆ ಮೊದಲು ಬರುವುದು 'ಸಂಶಯದ ತೋಮಸ್' ಎಂಬ ಮಾತು. ಒಂದು ವಾರ ಆಡಿದ ಮಾತಿಗೆ ಎರಡು ಸಾವಿರ ವರ್ಷಗಳ ಅಡ್ಡಹೆಸರು!

ಯೊವಾನ್ನರ ಶುಭಸಂದೇಶದ 20ನೆಯ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಪುನರುತ್ಥಾನದ ದಿನ ಸಂಜೆ ಶಿಷ್ಯರು ಭಯದಿಂದ ಬಾಗಿಲು ಹಾಕಿಕೊಂಡು ಕುಳಿತಿದ್ದಾಗ ಪ್ರಭು ಬಂದರು. ತೋಮಸರು ಅಲ್ಲಿರಲಿಲ್ಲ. ಎಲ್ಲಿಗೆ ಹೋಗಿದ್ದರು, ಯಾಕೆ ಹೋಗಿದ್ದರು ಎಂದು ಶುಭಸಂದೇಶ ಹೇಳುವುದಿಲ್ಲ. ಗೆಳೆಯರು ಹೇಳಿದ್ದನ್ನು ಅವರು ನಂಬಲಿಲ್ಲ. ಗಾಯವನ್ನು ಕಂಡ ಹೊರತು, ಮುಟ್ಟಿದ ಹೊರತು ನಂಬಲಾರೆನೆಂದರು. ಅದಾದ ಮೇಲೆ ಎಂಟು ದಿನ ಕಳೆಯಿತು. ಆ ಎಂಟು ದಿನಗಳಲ್ಲಿ ಯಾರೂ ಅವರನ್ನು ಹೊರಗೆ ಹಾಕಲಿಲ್ಲ. ನಂಬಿಕೆ ಬಂದ ಮೇಲೆ ಬಾ ಎಂದೂ ಹೇಳಲಿಲ್ಲ. ತೋಮಸರು ನಂಬದೆಯೇ ಮುಂದಿನ ವಾರ ಬಂದು ಅದೇ ಕೋಣೆಯಲ್ಲಿ ಅವರೊಡನೆ ಕುಳಿತರು. ಪ್ರಭು ಅವರಿಗೆ ತೋರಿಸಿದ್ದು ತಮ್ಮ ಮಹಿಮೆಯನ್ನಲ್ಲ, ಗಾಯಗಳನ್ನು.

ಈ ಹಬ್ಬದ ಪ್ರಬೋಧನೆಯಲ್ಲಿ ಭಾರತದ ಪ್ರೇಷಿತರ ಯಾತ್ರೆಯ ಕುರಿತು ಹೇಳುವುದು ವಾಡಿಕೆ. ಈ ಸಾರಿ ನಾವು ಆ ಬಾಗಿಲು ಹಾಕಿದ ಕೋಣೆಯ ಕುರಿತೇ ಬರೆಯುತ್ತೇವೆ. ಏಕೆಂದರೆ ಅಂತಹ ಕೋಣೆಗಳು ಇಂದು ನಮ್ಮ ಊರುಗಳಲ್ಲಿವೆ. ಎಷ್ಟೋ ಕಡೆ ದೇವಾಲಯದ ಆವರಣದಲ್ಲೇ, ಶಾಲೆಯ ಒಂದು ತರಗತಿಯಲ್ಲೇ ಇವೆ. ವಾರದ ಗೊತ್ತಾದ ಸಂಜೆ ಅಲ್ಲಿ ಹತ್ತಿಪ್ಪತ್ತು ಜನ ಸೇರಿ, ಕುಡಿತದಿಂದಾದ ತಮ್ಮ ಗಾಯಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಳ್ಳುತ್ತಾರೆ. ಆಲ್ಕೋಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎ.ಎ., ಎಂಬುದು ಆ ಬಳಗದ ಹೆಸರು. ಅನಾನಿಮಸ್ ಎಂದರೆ ಹೆಸರು ಹೇಳಿಕೊಳ್ಳದವರು. ನಮ್ಮ ಅನೇಕ ಕುಟುಂಬಗಳಿಗೆ ಇದು ಬೇಕಾಗಿದೆ. ಆದರೆ ಎಲ್ಲಿದೆ, ಹೇಗೆ ಹೋಗುವುದು, ಒಳಗೆ ಏನು ನಡೆಯುತ್ತದೆ ಎಂಬುದು ತಿಳಿಯದೆ ಬಾಗಿಲವರೆಗೆ ಹೋಗಿ ಹಿಂದಿರುಗಿದವರನ್ನು ನಾವು ಬಲ್ಲೆವು.

ಆಣೆ ಯಾಕೆ ನಿಲ್ಲುವುದಿಲ್ಲ?

ನಮ್ಮ ಕಚೇರಿಗೆ ಬರುವ ತಾಯಂದಿರ ಬೇಡಿಕೆ ಹೆಚ್ಚುಕಡಿಮೆ ಒಂದೇ. "ಫಾದರ್, ನಮ್ಮ ಮನೆಯವರಿಗೆ ಸ್ವಲ್ಪ ಬುದ್ಧಿ ಹೇಳಿ. ಪೀಠದ ಮುಂದೆ ನಿಲ್ಲಿಸಿ ಒಂದು ಆಣೆ ಮಾಡಿಸಿಬಿಡಿ." ಆತನೂ ತಲೆ ತಗ್ಗಿಸಿ ಬರುತ್ತಾನೆ, ಬೈಬಲ್ಲನ್ನು ಮುಟ್ಟಿ, ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುತ್ತಾನೆ. ಕೆಲವರು ವೇಲಾಂಕಣಿಗೆ ಹೋಗಿ ಆರೋಗ್ಯ ಮಾತೆಯ ಮುಂದೆ ಹರಕೆ ಹೊತ್ತು ಬರುತ್ತಾರೆ. ಆ ಕ್ಷಣದಲ್ಲಿ ಅವರ ಕಣ್ಣೀರು ನಿಜವಾದದ್ದೇ. ಹನ್ನೆರಡು ದಿನ, ಇಪ್ಪತ್ತು ದಿನ ಎಲ್ಲವೂ ಚೆನ್ನಾಗಿರುತ್ತದೆ. ಆಮೇಲೆ ಒಂದು ಮದುವೆ ಬರುತ್ತದೆ, ಇಲ್ಲವೇ ಒಂದು ಸಾವು. "ಒಂದೇ ಒಂದು ಪೆಗ್" ಎಂಬ ಗೆಳೆಯ ಬರುತ್ತಾನೆ. ಆಣೆ ಮುರಿಯುತ್ತದೆ.

ಆಮೇಲಿನದು ಇನ್ನೂ ಕೆಟ್ಟದ್ದು. ಮೊದಲು ಆತನಿಗಿದ್ದದ್ದು ಕುಡಿತ ಮಾತ್ರ. ಈಗ ದೇವರಿಗೆ ಮೋಸಮಾಡಿದೆನೆಂಬ ಭಯವೂ ಸೇರುತ್ತದೆ. ಬಲಿಪೂಜೆಗೆ ಬರುವುದನ್ನು ನಿಲ್ಲಿಸುತ್ತಾನೆ; ಗುರುಗಳು ಎದುರು ಬಂದರೆ ರಸ್ತೆಯ ಆ ಬದಿಗೆ ದಾಟುತ್ತಾನೆ. ಕುಡಿತದ ಜೊತೆಗೆ ಒಂಟಿತನ ಬಂದು ಕೂಡುತ್ತದೆ, ಆ ಒಂಟಿತನ ಮತ್ತೆ ಕುಡಿಸುತ್ತದೆ. ಆದುದರಿಂದ ಬರಿಯ ಆಣೆ ಮಾಡಿಸಿ ಕಳುಹಿಸುವ ಪದ್ಧತಿಯನ್ನು ನಾವು ಗುರುಗಳು ಕೈಬಿಡಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆಣೆಯನ್ನು ಮನುಷ್ಯ ಒಬ್ಬನೇ ಮಾಡುತ್ತಾನೆ, ಒಬ್ಬನೇ ಹೊರುತ್ತಾನೆ. ಈ ರೋಗ ಒಬ್ಬನೇ ಹೊರಬಹುದಾದ ರೋಗವಲ್ಲ.

ಹೌದು, ರೋಗವೇ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಮದ್ಯದ ಅವಲಂಬನೆಗೆ ಸ್ಥಾನವಿದೆ. ಹಾಗಾದರೆ ಪಾಪವಲ್ಲವೇ ಎಂದು ಕೇಳುವವರಿದ್ದಾರೆ. ಅತಿಯಾದ ಕುಡಿತ ತಪ್ಪೆಂದೇ ಧರ್ಮಸಭೆಯ ಬೋಧನೆ. ಆದರೆ ಭಯ, ಒತ್ತಾಯ, ಬೇರೂರಿದ ಅಭ್ಯಾಸ ಇವು ಒಬ್ಬನ ಹೊಣೆಗಾರಿಕೆಯನ್ನು ಕಡಿಮೆ ಮಾಡಬಲ್ಲವೆಂದು ಕಥೋಲಿಕ ಧರ್ಮೋಪದೇಶ ಗ್ರಂಥದ 1735ನೆಯ ಸಂಖ್ಯೆಯೂ ಹೇಳುತ್ತದೆ. ಇದು ಕುಡಿಯುವವನಿಗೆ ಕೊಟ್ಟ ರಿಯಾಯಿತಿಯಲ್ಲ. ಆತನಿಗೆ ಬೈಗುಳಕ್ಕಿಂತ ಚಿಕಿತ್ಸೆ ಹೆಚ್ಚು ಬೇಕೆಂದು ಇದರ ಅರ್ಥ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ, 2019ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ಅವಲಂಬಿತರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ದೊರೆತಿದೆ. ಉಳಿದ 37 ಮನೆಗಳಲ್ಲಿ ನಡೆಯುತ್ತಿರುವುದೇನೆಂದು ನಮ್ಮ ಓದುಗರಿಗೆ ನಾವು ಹೇಳಬೇಕಾಗಿಲ್ಲ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಕುಡಿತ ನಿಲ್ಲಲಿಲ್ಲ, ಲೇಬಲ್ ಬದಲಾಯಿತು ಅಷ್ಟೆ.

ಮೊದಲು ವೈದ್ಯರು

ಮೀಟಿಂಗ್ ವಿಷಯಕ್ಕೆ ಹೋಗುವ ಮುನ್ನ ಒಂದು ಎಚ್ಚರಿಕೆ ಹೇಳಲೇಬೇಕು. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು. ಬೆಳಗ್ಗೆ ಎದ್ದೊಡನೆ ಕೈ ನಡುಗುತ್ತಿದ್ದರೆ, ಒಂದು ಗುಟುಕು ಕುಡಿದ ಮೇಲಷ್ಟೇ ನಡುಕ ನಿಲ್ಲುತ್ತಿದ್ದರೆ, ದೇಹ ಮದ್ಯಕ್ಕೆ ಒಗ್ಗಿಹೋಗಿದೆ ಎಂದು ತಿಳಿಯಿರಿ. ಅಂಥವರಿಗೆ ಕುಡಿತ ನಿಲ್ಲಿಸಿದ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ಹೊತ್ತಿಗೆ ಸನ್ನಿ ಹಿಡಿದಂತಾಗಿ, ಇಲ್ಲದ್ದು ಕಾಣಿಸುವುದು, ಇಲ್ಲದ ದನಿ ಕೇಳಿಸುವುದು, ಜ್ವರ, ವಿಪರೀತ ಬೆವರು ಇವೆಲ್ಲ ತೋರಬಹುದು. ಇದನ್ನು ದೆವ್ವದ ಕಾಟವೆಂದು ಭಾವಿಸಿ ಪ್ರಾರ್ಥನೆಗೆ ಕರೆತರುವವರಿದ್ದಾರೆ. ಪ್ರಾರ್ಥನೆ ಮಾಡೋಣ, ಆದರೆ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ. ಕುಡಿತ ನಿಲ್ಲಿಸಿದ ದಿನವೇ ದೂರದ ಧ್ಯಾನಕೂಟಕ್ಕೆ ಬಸ್ಸು ಹತ್ತಿಸುವುದೂ ಸರಿಯಲ್ಲ. ವೈದ್ಯರ ಕೈಕೆಳಗೆ ಒಂದು ವಾರ ಹತ್ತು ದಿನ ಇದ್ದು ದೇಹ ಹದಕ್ಕೆ ಬಂದ ಮೇಲೆ ಧ್ಯಾನಕೂಟಕ್ಕೂ ಹೋಗಲಿ, ಮೀಟಿಂಗಿಗೂ ಹೋಗಲಿ.

ಇನ್ನೊಂದು ಮಾತು ಮನೆಯೊಡತಿಯರಿಗೆ. ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ, ಕಾಫಿಯಲ್ಲಿ ಬೆರೆಸುವ ಪುಡಿ ಕೊಡುತ್ತೇವೆಂಬ ಜಾಹೀರಾತುಗಳನ್ನು ನೀವು ನೋಡಿರುತ್ತೀರಿ. ದಯವಿಟ್ಟು ಬೇಡ. ಡೈಸಲ್ಫಿರಾಮ್ ಎಂಬ ಮಾತ್ರೆಯನ್ನು ವೈದ್ಯರು ರೋಗಿಗೆ ವಿವರಿಸಿ, ಆತನ ಒಪ್ಪಿಗೆ ಪಡೆದೇ ಕೊಡುತ್ತಾರೆ. ಅದು ಹೊಟ್ಟೆಯಲ್ಲಿರುವಾಗ ಅರಿಯದೆ ಕುಡಿದರೆ ರಕ್ತದೊತ್ತಡ ಕುಸಿದು, ಎದೆಬಡಿತ ಏರುಪೇರಾಗಿ ಜೀವಕ್ಕೇ ಅಪಾಯವಾಗಬಹುದು. ಪುಡಿಯ ಪೊಟ್ಟಣದೊಳಗೆ ಇರುವುದೇನೆಂದು ಮಾರುವವನೂ ಹೇಳುವುದಿಲ್ಲ.

ಎಲ್ಲಿಗೆ ಹೋಗುವುದು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಷ್ಟು ದೂರ ಹೋಗಲಾರದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. 'ಮನೋವೈದ್ಯರು' ಎಂದೊಡನೆ ಹೆದರಬೇಡಿ, ಹುಚ್ಚಿಗೂ ಇದಕ್ಕೂ ಸಂಬಂಧವಿಲ್ಲ. ಮನೆಯಿಂದಲೇ ಕೇಳಬೇಕಿದ್ದರೆ 14446 ವ್ಯಸನಮುಕ್ತಿಗಾಗಿಯೇ ಇರುವ ರಾಷ್ಟ್ರೀಯ ಸಹಾಯವಾಣಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮನಸ್ ಸೇವೆಯ ಸಂಖ್ಯೆ 14416. ಅಲ್ಲಿ ಹಗಲು ರಾತ್ರಿ ಕನ್ನಡದಲ್ಲಿ ಮಾತನಾಡಬಹುದು. ಎರಡೂ ಉಚಿತ.

ಮೀಟಿಂಗ್ ಹುಡುಕುವುದು ಹೇಗೆ?

ಎ.ಎ.ಗೆ ಬೋರ್ಡು ಇರುವುದಿಲ್ಲ, ಇದ್ದರೂ ಚಿಕ್ಕದು. ಅಂಗಡಿ ಹುಡುಕುವಂತೆ ಬೀದಿಯಲ್ಲಿ ನಡೆದು ಹುಡುಕಲಾಗದು. ಸುಲಭದ ದಾರಿಯೆಂದರೆ ಚಿಕಿತ್ಸೆ ಕೊಟ್ಟ ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕೇಳುವುದು. ಹತ್ತಿರದ ಗುಂಪಿನ ಒಬ್ಬ ಸದಸ್ಯರ ಸಂಪರ್ಕ ಅವರಲ್ಲಿ ಸಾಮಾನ್ಯವಾಗಿ ಇರುತ್ತದೆ. ಎ.ಎ. ಭಾರತದ ಜಾಲತಾಣದಲ್ಲೂ ವಿವರ ಸಿಗುತ್ತದೆ. ಮೊಬೈಲಿನಲ್ಲಿ ಹುಡುಕಿಕೊಡಲು ಮನೆಯಲ್ಲಿ ಕಾಲೇಜು ಓದುವ ಮಗನೋ ಮಗಳೋ ಇದ್ದೇ ಇರುತ್ತಾರೆ. ನಿಮ್ಮ ಧರ್ಮಕೇಂದ್ರದ ಗುರುಗಳನ್ನೂ ಕೇಳಿ. ಅವರಿಗೆ ತಿಳಿಯದಿದ್ದರೆ ತಿಳಿದುಕೊಳ್ಳಲಿ, ಅದು ಅವರ ಕೆಲಸ.

ದಿನ, ಸಮಯ, ಭಾಷೆ ಮೂರನ್ನೂ ಮೊದಲೇ ಫೋನಿನಲ್ಲಿ ಕೇಳಿಕೊಳ್ಳಿ. ಬೆಂಗಳೂರಿನಂತಹ ನಗರದಲ್ಲಿ ಇಂಗ್ಲಿಷ್, ಕನ್ನಡ, ತಮಿಳು, ಹಿಂದಿ ಮೀಟಿಂಗುಗಳು ಬೇರೆ ಬೇರೆ. ಕನ್ನಡದವರೊಬ್ಬರು ಮೊದಲ ದಿನವೇ ಇಂಗ್ಲಿಷ್ ಮೀಟಿಂಗಿನಲ್ಲಿ ಕುಳಿತರೆ "ಇದು ನಮ್ಮಂಥವರಿಗಲ್ಲ" ಎಂದು ಎದ್ದುಬರುವುದು ಸಹಜ. ಮೀಟಿಂಗುಗಳಲ್ಲಿ ಎರಡು ಬಗೆ. ಮುಕ್ತ ಮೀಟಿಂಗಿಗೆ ಹೆಂಡತಿ, ಅಣ್ಣತಮ್ಮಂದಿರು, ಗುರುಗಳು, ಯಾರು ಬೇಕಾದರೂ ಬಂದು ಕೇಳಬಹುದು. ಇನ್ನೊಂದು ಬಗೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಒಬ್ಬನೇ ಹೋಗಲು ಹಿಂಜರಿಯುವವರು ಮೊದಲು ಮುಕ್ತ ಮೀಟಿಂಗಿಗೆ ಮನೆಯವರೊಡನೆ ಹೋಗಲಿ. ಕುಡಿಯುವ ಹೆಂಗಸರೂ ನಮ್ಮ ನಡುವೆ ಇದ್ದಾರೆ, ಅವರ ನಾಚಿಕೆ ಗಂಡಸರಿಗಿಂತ ಹತ್ತುಪಟ್ಟು. ಮಹಿಳೆಯರಿಗಷ್ಟೇ ಸೀಮಿತವಾದ ಮೀಟಿಂಗುಗಳೂ ಇವೆಯೆಂದು ಅವರಿಗೆ ಯಾರಾದರೂ ಮೆಲ್ಲಗೆ ಹೇಳಬೇಕು.

ಮಲೆನಾಡಿನ ತೋಟದ ಲೈನುಗಳಲ್ಲಿ, ಬಯಲುಸೀಮೆಯ ಚಿಕ್ಕ ಹಳ್ಳಿಗಳಲ್ಲಿ ಇರುವವರ ಕಷ್ಟ ಬೇರೆ. ವಾರಕ್ಕೊಮ್ಮೆ ಪಟ್ಟಣಕ್ಕೆ ಹೋಗಿ ಬರುವುದೆಂದರೆ ಅರ್ಧ ದಿನದ ಕೂಲಿ ಹೋಯಿತು, ಸಂಜೆ ಏಳರ ಮೀಟಿಂಗ್ ಮುಗಿಸಿದರೆ ಕೊನೆಯ ಬಸ್ಸೂ ಹೋಯಿತು. ಇಂಥವರು ಸಂತೆಯ ದಿನಕ್ಕೆ ಹೊಂದುವ ಮೀಟಿಂಗ್ ಇದೆಯೇ ಎಂದು ವಿಚಾರಿಸಬಹುದು. 2020ರ ಕೊರೋನಾ ಕಾಲದಲ್ಲಿ ಕೋಣೆಗಳು ಮುಚ್ಚಿದಾಗ ಫೋನಿನ ಮೂಲಕ, ವೀಡಿಯೋ ಮೂಲಕ ಸೇರುವುದು ಬಹಳ ಬೆಳೆಯಿತು. ಅದು ಈಗಲೂ ನಡೆಯುತ್ತಿದೆ. ದುಬೈಯಲ್ಲೋ ಕುವೈತಿನಲ್ಲೋ ಒಂಟಿ ಕೋಣೆಯಲ್ಲಿರುವ ನಮ್ಮ ಹುಡುಗರಿಗೆ ಇದು ದೊಡ್ಡ ಉಪಕಾರ. ಆದರೂ ಎದುರುಬದುರು ಕುಳಿತು ಒಂದು ಲೋಟ ಚಹಾ ಕುಡಿಯುವುದರಲ್ಲಿ ಇರುವ ಬಲ ಪರದೆಯಲ್ಲಿ ಇಲ್ಲವೆಂದು ಹಳೆಯ ಸದಸ್ಯರು ಹೇಳುತ್ತಾರೆ.

ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ಹಳ್ಳಿಹಳ್ಳಿಗಳಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ನಮ್ಮ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿರುವಂಥವು. ಎಂಟು ದಿನದ ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರುವ 'ನವಜೀವನ ಸಮಿತಿ'ಗಳನ್ನು ಅವರು ಕಟ್ಟಿದ್ದಾರೆ. ಶಿಬಿರಕ್ಕಿಂತಲೂ ಆ ಸಮಿತಿಯೇ ಮುಖ್ಯವೆಂದು ನಮಗೆ ತೋರುತ್ತದೆ. ಎ.ಎ. ಇಲ್ಲದ ಊರಿನಲ್ಲಿ ಅಂತಹ ಸಮಿತಿ ಇದ್ದರೆ ನಮ್ಮ ಕ್ರೈಸ್ತ ಸಹೋದರನೊಬ್ಬ ಅಲ್ಲಿ ಕುಳಿತುಕೊಳ್ಳಲು ಸಂಕೋಚಪಡಬೇಕಾಗಿಲ್ಲ. ಬಾರಿನಲ್ಲಿ ಕೂರುವಾಗ ಜಾತಿ ಧರ್ಮ ಯಾರು ಕೇಳಿದ್ದರು?

ಆ ಕೋಣೆಯಲ್ಲಿ

ಒಂದು ಸಾಮಾನ್ಯ ಮೀಟಿಂಗ್ ಒಂದರಿಂದ ಒಂದೂವರೆ ಗಂಟೆ. ಹೊಸಬರು ಬಂದರೆ ಬಾಗಿಲಲ್ಲೇ ಒಬ್ಬರು ಎದ್ದುಬಂದು ಕೈಕುಲುಕುತ್ತಾರೆ. "ಬನ್ನಿ ಅಣ್ಣಾ, ಕೂತ್ಕೊಳ್ಳಿ, ಟೀ ತಗೊಳ್ಳಿ." ಮನೆ ಯಾವುದು, ಕೆಲಸ ಏನು, ಎಷ್ಟು ಕುಡಿಯುತ್ತೀರಿ ಎಂಬ ಪ್ರಶ್ನೆಗಳಿಲ್ಲ. ಅರ್ಜಿ ಇಲ್ಲ, ರಿಜಿಸ್ಟರಿನಲ್ಲಿ ಸಹಿ ಇಲ್ಲ, ಶುಲ್ಕವಿಲ್ಲ. ಹೆಸರು ಸಾಕು, ಮನೆತನದ ಹೆಸರು ಬೇಡ. ಕುಡಿತ ನಿಲ್ಲಿಸಬೇಕೆಂಬ ಆಸೆ ಇದ್ದರೆ ಸದಸ್ಯತ್ವಕ್ಕೆ ಅಷ್ಟೇ ಅರ್ಹತೆ. ನಿಲ್ಲಿಸಿರಬೇಕೆಂಬ ನಿಯಮವಿಲ್ಲ, ಇದನ್ನು ಮನೆಯವರು ಗಮನಿಸಬೇಕು. "ಮೊದಲು ಬಿಡು, ಆಮೇಲೆ ಮೀಟಿಂಗಿಗೆ ಹೋಗು" ಎನ್ನುವುದು "ಮೊದಲು ನಂಬು, ಆಮೇಲೆ ಬಾ" ಎಂದು ತೋಮಸರಿಗೆ ಹೇಳಿದಂತೆ.

ಸ್ವಲ್ಪ ಹೊತ್ತು ಮೌನ, ಒಂದು ಚಿಕ್ಕ ಪ್ರಾರ್ಥನೆ. ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ಶಾಂತಿ, ಬದಲಿಸಬಹುದಾದ್ದನ್ನು ಬದಲಿಸುವ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ವಿವೇಕ, ಇವು ಮೂರೇ ಅದರ ಬೇಡಿಕೆ. ಬಳಿಕ ಅಧ್ಯಕ್ಷತೆ ವಹಿಸಿದವರು ಬಳಗದ ಉದ್ದೇಶವನ್ನು ಓದುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ಮಾತನಾಡುತ್ತಾರೆ. ಹೆಸರು ಹೇಳಿ, ತಾನೊಬ್ಬ ಆಲ್ಕೋಹಾಲಿಕ್ ಎಂದು ಹೇಳಿ, ಕುಡಿತ ತನ್ನನ್ನು ಎಲ್ಲಿಗೆ ತಂದಿತ್ತು, ಈಗ ಹೇಗಿದ್ದೇನೆ ಎಂಬುದನ್ನು ನಾಲ್ಕೈದು ನಿಮಿಷದಲ್ಲಿ ಹೇಳುವುದು. ಮಧ್ಯದಲ್ಲಿ ಯಾರೂ ಬಾಯಿಹಾಕುವುದಿಲ್ಲ. ಉಪದೇಶವಿಲ್ಲ, "ನೀನು ಹೀಗೆ ಮಾಡಬಾರದಿತ್ತು" ಇಲ್ಲ. ಮಾತನಾಡಲು ಇಷ್ಟವಿಲ್ಲದವರು "ನಾನು ಇವತ್ತು ಕೇಳುತ್ತೇನೆ" ಎಂದರೆ ಸಾಕು. ಗುರುಗಳಾದ ನಮಗೆ ಈ ಮೌನದ ಶಿಸ್ತು ಕಲಿಯುವಂಥದ್ದು. ಹತ್ತು ನಿಮಿಷ ಬುದ್ಧಿ ಹೇಳದೆ ಕೇಳಿಸಿಕೊಳ್ಳುವುದು ನಮ್ಮ ವೃತ್ತಿಯವರಿಗೆ ಸುಲಭವಲ್ಲ!

ಕೊನೆಗೆ ಒಂದು ಚೀಲವೋ ಡಬ್ಬಿಯೋ ಸುತ್ತು ಬರುತ್ತದೆ. ಸದಸ್ಯರು ಹತ್ತೋ ಇಪ್ಪತ್ತೋ ರೂಪಾಯಿ ಹಾಕುತ್ತಾರೆ, ಹೊಸಬರು ಹಾಕಬೇಕಾಗಿಲ್ಲ. ಬಾಡಿಗೆ, ಚಹಾ, ಪುಸ್ತಕ ಎಲ್ಲವೂ ಅದರಿಂದಲೇ. ಹೊರಗಿನವರ ದೇಣಿಗೆಯನ್ನು ಎ.ಎ. ಸ್ವೀಕರಿಸುವುದಿಲ್ಲ.

"ಇನ್ನು ಜೀವಮಾನವಿಡೀ ಮುಟ್ಟುವುದಿಲ್ಲ" ಎಂಬ ಮಾತನ್ನು ಅಲ್ಲಿ ಆಡಿಸುವುದಿಲ್ಲ. ಇವತ್ತೊಂದು ದಿನ ಕುಡಿಯುವುದಿಲ್ಲ, ನಾಳೆಯದು ನಾಳೆಗೆ. ಪೀಠದ ಮುಂದಿನ ಆಣೆಗೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಅನುದಿನದ ರೊಟ್ಟಿಯನ್ನು ದಿನದಿನವೂ ಬೇಡಲು ಪ್ರಭು ಕಲಿಸಲಿಲ್ಲವೇ? ಹಂಬಲ ತಡೆಯಲಾಗದಾಗ ಫೋನ್ ಮಾಡಲು ಒಬ್ಬ ಹಿರಿಯ ಸದಸ್ಯರನ್ನು ಆರಿಸಿಕೊಳ್ಳುತ್ತಾರೆ. ಅವರನ್ನು ಸ್ಪಾನ್ಸರ್ ಎನ್ನುತ್ತಾರೆ. ರಾತ್ರಿ ಹನ್ನೊಂದಕ್ಕೂ ಅವರು ಫೋನ್ ಎತ್ತುತ್ತಾರೆ, ಏಕೆಂದರೆ ಅವರೂ ಒಂದು ಕಾಲದಲ್ಲಿ ಹಾಗೆ ಫೋನ್ ಮಾಡಿದವರೇ. ಮೊದಲ ಮೂರು ತಿಂಗಳು ಸಾಧ್ಯವಾದಷ್ಟು ಹೆಚ್ಚು ಮೀಟಿಂಗುಗಳಿಗೆ ಹೋಗಿ ಎಂದು ಹೊಸಬರಿಗೆ ಹೇಳುತ್ತಾರೆ. ನಗರಗಳಲ್ಲಿ 90 ದಿನಗಳಲ್ಲಿ 90 ಮೀಟಿಂಗ್ ಎಂಬ ಮಾತೇ ರೂಢಿಯಲ್ಲಿದೆ. ಒಂದು ಗುಂಪು ಹಿಡಿಸದಿದ್ದರೆ ಇನ್ನೊಂದಕ್ಕೆ ಹೋಗಬಹುದು. ಜಾರಿ ಕುಡಿದು ಬಂದವರಿಗೂ ಅದೇ ಕುರ್ಚಿ, ಅದೇ ಚಹಾ.

ಇದರಿಂದ ನಿಜವಾಗಿ ಪ್ರಯೋಜನವಿದೆಯೇ ಎಂದು ತೋಮಸರಂತೆ ಕೇಳುವವರಿಗೆ: 2020ರಲ್ಲಿ ಕಾಕ್ರೇನ್ ಎಂಬ ವೈದ್ಯಕೀಯ ಪರಾಮರ್ಶೆಯ ಸಂಸ್ಥೆ 27 ಅಧ್ಯಯನಗಳನ್ನು, ಅಂದರೆ ಹತ್ತು ಸಾವಿರಕ್ಕೂ ಹೆಚ್ಚು ಜನರ ಅನುಭವವನ್ನು ತೂಗಿನೋಡಿತು. ರೋಗಿಗಳನ್ನು ಕ್ರಮಬದ್ಧವಾಗಿ ಎ.ಎ.ಗೆ ಸೇರಿಸುವ ಚಿಕಿತ್ಸೆಯಲ್ಲಿ, ಪೂರ್ತಿ ಕುಡಿಯದೆ ಉಳಿದವರ ಪ್ರಮಾಣ ಬೇರೆ ಹೆಸರಾಂತ ಚಿಕಿತ್ಸೆಗಳಿಗಿಂತ ಹೆಚ್ಚೆಂದು ಅದು ಕಂಡುಕೊಂಡಿತು. ಎಲ್ಲರೂ ಉಳಿದರೆಂದು ಯಾರೂ ಹೇಳುವುದಿಲ್ಲ.

ಇದು ಬೇರೆ ಮತವೇ?

ಹನ್ನೆರಡು ಮೆಟ್ಟಿಲುಗಳೆಂಬ ಕ್ರಮವನ್ನು ಎ.ಎ. ಅನುಸರಿಸುತ್ತದೆ. ಅದರಲ್ಲಿ ಬರುವ ದೇವರು 'ಅವರವರು ಅರಿತಂತೆ'. ಇದನ್ನು ಕೇಳಿ ನಮ್ಮ ಕೆಲವು ಭಕ್ತರು ಗಾಬರಿಯಾಗುತ್ತಾರೆ. ಗಾಬರಿ ಬೇಡ. ಅಲ್ಲಿ ಯಾವ ಮತವನ್ನೂ ಬೋಧಿಸುವುದಿಲ್ಲ, ಯಾವ ಮತದಿಂದಲೂ ಎಳೆಯುವುದಿಲ್ಲ. ನಮ್ಮವರು ತಾವು ಅರಿತ ದೇವರೆಂದರೆ ಪ್ರಭು ಯೇಸುಕ್ರಿಸ್ತರ ತಂದೆಯೆಂದೇ ತಿಳಿದು ಪ್ರಾರ್ಥಿಸಬಹುದು.

ಎ.ಎ. ಹುಟ್ಟಿದ್ದು 1935ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಏಕ್ರನ್ ಎಂಬ ಊರಿನಲ್ಲಿ. ಬಿಲ್ ಎಂಬ ನ್ಯೂಯಾರ್ಕಿನ ಷೇರು ದಲ್ಲಾಳಿ, ಬಾಬ್ ಎಂಬ ಶಸ್ತ್ರವೈದ್ಯ, ಇಬ್ಬರೂ ಕುಡಿತದಿಂದ ಹಾಳಾದವರು. ಒಬ್ಬರೊಡನೊಬ್ಬರು ಮನಬಿಚ್ಚಿ ಮಾತಾಡಿದಾಗ ಕುಡಿಯದಿರಲು ಸಾಧ್ಯವಾಯಿತೆಂಬುದೇ ಇಡೀ ಬಳಗದ ಬೀಜ. ಅವರಿಬ್ಬರೂ ಕಥೋಲಿಕರಲ್ಲ. ಆದರೆ ಕುಡುಕರನ್ನು ಆಸ್ಪತ್ರೆಗಳು ಸೇರಿಸಿಕೊಳ್ಳದಿದ್ದ ಆ ಕಾಲದಲ್ಲಿ, 1939ರಲ್ಲಿ, ಅದೇ ಊರಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರಿಗೆ ಹಾಸಿಗೆ ಕೊಟ್ಟವರು ಸಿಸ್ಟರ್ ಇಗ್ನೇಷಿಯಾ ಎಂಬ ಕನ್ಯಾಸ್ತ್ರೀ. ಗುಣವಾಗಿ ಹೊರಡುವ ಪ್ರತಿಯೊಬ್ಬನ ಕೈಗೂ ಅವರು ಯೇಸುವಿನ ಪವಿತ್ರ ಹೃದಯದ ಒಂದು ಪದಕ ಕೊಡುತ್ತಿದ್ದರು. ಮತ್ತೆ ಕುಡಿಯಬೇಕೆನಿಸಿದರೆ ಮೊದಲು ಬಂದು ಅದನ್ನು ಹಿಂದಿರುಗಿಸಬೇಕು, ಅದೊಂದೇ ಷರತ್ತು. ಎಂತಹ ಜಾಣೆ ತಾಯಿ! 1940ರಲ್ಲಿ ಯೇಸುಸಭೆಯ ಗುರು ಎಡ್ವರ್ಡ್ ಡೌಲಿಂಗ್ ಬಿಲ್ಲನನ್ನು ಹುಡುಕಿಕೊಂಡು ಹೋದರು. ಸಂತ ಇಗ್ನೇಷಿಯಸ್ ಲೊಯೋಲರ ಆಧ್ಯಾತ್ಮಿಕ ಸಾಧನೆಗಳಿಗೂ ಹನ್ನೆರಡು ಮೆಟ್ಟಿಲುಗಳಿಗೂ ಇರುವ ಹೋಲಿಕೆ ಅವರ ಕಣ್ಣಿಗೆ ಬಿದ್ದಿತ್ತು. ನಮ್ಮ ದೇಶದಲ್ಲೂ ಮುಂಬಯಿಯ ಗುರು ಜೋ ಪಿರೇರಾ ತಾವೇ ಕುಡಿತದಿಂದ ಎ.ಎ. ಮೂಲಕ ಹೊರಬಂದವರೆಂದು ಬಹಿರಂಗವಾಗಿ ಹೇಳಿ, 1981ರಲ್ಲಿ ಕೃಪಾ ಫೌಂಡೇಶನ್ ಕಟ್ಟಿದರು. ಸರ್ಕಾರ 2009ರಲ್ಲಿ ಅವರಿಗೆ ಪದ್ಮಶ್ರೀ ನೀಡಿತು.

ಐದನೆಯ ಮೆಟ್ಟಿಲಿನಲ್ಲಿ ತನ್ನ ತಪ್ಪುಗಳನ್ನು ದೇವರ ಮುಂದೆ, ತನ್ನ ಮುಂದೆ, ಇನ್ನೊಬ್ಬ ಮನುಷ್ಯನ ಮುಂದೆ ಬಿಚ್ಚಿಡಬೇಕು. ಅದು ಪಾಪನಿವೇದನೆ ಸಂಸ್ಕಾರಕ್ಕೆ ಬದಲಿಯಲ್ಲ. ಎಷ್ಟೋ ವರ್ಷಗಳ ನಂತರ ಸಂಸ್ಕಾರಕ್ಕೆ ಮರಳಲು ಅದು ಕಾಲುದಾರಿಯಾದದ್ದನ್ನು ಮಾತ್ರ ನಾವು ಕಂಡಿದ್ದೇವೆ. ಪರಮಪ್ರಸಾದದ ದ್ರಾಕ್ಷಾರಸದ ಬಗ್ಗೆಯೂ ಕೆಲವರು ಕೇಳುತ್ತಾರೆ. ಮದುವೆಯ ಪೂಜೆಯಲ್ಲೋ ವಿಶೇಷ ಹಬ್ಬದಲ್ಲೋ ಎರಡು ರೂಪಗಳಲ್ಲಿ ಕೊಡುವಾಗ, ಬಿಟ್ಟವರು ರೊಟ್ಟಿಯ ರೂಪದಲ್ಲಿ ಮಾತ್ರ ಸ್ವೀಕರಿಸಲಿ. ಅದರಲ್ಲಿಯೇ ಕ್ರಿಸ್ತರು ಪೂರ್ಣವಾಗಿ ಇದ್ದಾರೆ.

ಮನೆಯವರಿಗೆ

ಕುಡಿಯುವವರಿಗೊಂದು ಕೋಣೆಯಿದ್ದಂತೆ ಅವರ ಮನೆಯವರಿಗೂ ಒಂದಿದೆ. ಬಿಲ್ಲನ ಹೆಂಡತಿ ಲೋಯಿಸ್ ಮತ್ತು ಆಕೆಯ ಗೆಳತಿ ಸೇರಿ 1951ರಲ್ಲಿ ಕಟ್ಟಿದ ಈ ಬಳಗಕ್ಕೆ ಅಲ್-ಅನಾನ್ ಎಂದು ಹೆಸರು. ಹದಿಹರೆಯದ ಮಕ್ಕಳಿಗೆ ಅಲಟೀನ್. ಗಂಡ ಮೀಟಿಂಗಿಗೆ ಬರಲೊಪ್ಪದಿದ್ದರೂ ಹೆಂಡತಿ ಅಲ್-ಅನಾನ್‌ಗೆ ಹೋಗಬಹುದು. ಇದು ಅನೇಕರಿಗೆ ತಿಳಿಯದ ವಿಷಯ. ಹತ್ತು ವರ್ಷ ಗಂಡನ ಬಾಟಲಿ ಹುಡುಕಿ ಹುಡುಕಿ, ಚೆಲ್ಲಿ ಚೆಲ್ಲಿ, ಬಾರಿನ ಸಾಲ ತೀರಿಸಿ, ಕೆಲಸದ ಮಾಲೀಕರಿಗೆ "ಅವರಿಗೆ ಜ್ವರ" ಎಂದು ಸುಳ್ಳು ಹೇಳಿ ಸೋತ ಹೆಣ್ಣುಮಕ್ಕಳು ಅಲ್ಲಿ ಮೊದಲ ಬಾರಿಗೆ ಒಂದು ಮಾತು ಕೇಳುತ್ತಾರೆ: ಈ ಕುಡಿತಕ್ಕೆ ಕಾರಣ ನೀನಲ್ಲ. ಸಾಲ ತೀರಿಸುವುದನ್ನೂ ಸುಳ್ಳು ಹೇಳುವುದನ್ನೂ ನಿಲ್ಲಿಸಲು ಅಲ್ಲಿ ಧೈರ್ಯ ಸಿಗುತ್ತದೆ. ಹೊಡೆತ ಬಡಿತ ಇರುವ ಮನೆಗೆ ಮಾತ್ರ ಬೇರೆ ಮಾತು: ಮೊದಲು ಮಕ್ಕಳೊಂದಿಗೆ ಸುರಕ್ಷಿತವಾದ ಕಡೆಗೆ ಹೋಗಿ, 181 ಮಹಿಳಾ ಸಹಾಯವಾಣಿಗೆ ಕರೆ ಮಾಡಿ. ಸಹಿಸಿಕೊಂಡಿರು ಎಂದು ಹೇಳುವ ಹಕ್ಕು ಗುರುಗಳಿಗೂ ಇಲ್ಲ.

ಮೀಟಿಂಗಿನಿಂದ ಬಂದವರನ್ನು "ಏನು ಹೇಳಿದರು, ಯಾರ್ಯಾರು ಬಂದಿದ್ದರು" ಎಂದು ಕೇಳಬೇಡಿ. ಬಾಯಿಯ ವಾಸನೆ ನೋಡಬೇಡಿ. ಊಟ ಬಡಿಸಿ. ಮನೆಯಲ್ಲಿ ಹಬ್ಬಕ್ಕೆಂದು ಮಾಡಿಟ್ಟ ವೈನ್ ಭರಣಿ ಇದ್ದರೆ ಆ ವರ್ಷ ಅದು ಬೇಡ. ಕ್ರಿಸ್ತಜಯಂತಿಗೆ ಕೇಕೂ ಕಲ್ಕಲ್ಲೂ ಸಾಕು. ಮದುವೆಮನೆಗಳಲ್ಲಿ "ಏನಪ್ಪಾ, ಗಂಡಸಲ್ವಾ ನೀನು?" ಎಂದು ಗ್ಲಾಸು ಒಡ್ಡುವ ಮಾವಂದಿರಿಗೆ ಯಾರಾದರೂ ಹಿರಿಯರು ನೇರವಾಗಿ ಹೇಳಬೇಕು.

ಇನ್ನು ನಮ್ಮ ಧರ್ಮಕೇಂದ್ರಗಳು. ಬಿಟ್ಟು ಇಪ್ಪತ್ತು ದಿನವಾದ ಸಹೋದರನನ್ನು ವೇದಿಕೆ ಹತ್ತಿಸಿ ಸಾಕ್ಷ್ಯ ಹೇಳಿಸುವ ಉತ್ಸಾಹ ನಮ್ಮಲ್ಲಿ ಕೆಲವರಿಗಿದೆ. ಇಪ್ಪತ್ತೊಂದನೆಯ ದಿನ ಆತ ಜಾರಿದರೆ ಇಡೀ ಊರಿನ ಮುಂದೆ ಜಾರಿದಂತಾಗುತ್ತದೆ. ಹೆಸರು ಬಚ್ಚಿಡುವ ಎ.ಎ. ನಿಯಮ ನಾಚಿಕೆಯಿಂದ ಹುಟ್ಟಿದ್ದಲ್ಲ, ಅನುಭವದಿಂದ ಬಂದದ್ದು. ಆ ಕೋಣೆಯಲ್ಲಿ ಕಂಡವರನ್ನು, ಕೇಳಿದ್ದನ್ನು ಅಲ್ಲಿಯೇ ಬಿಟ್ಟುಬರಬೇಕು. ಮುಕ್ತ ಮೀಟಿಂಗಿಗೆ ಹೋದ ಗುರುಗಳಿಗೂ ಈ ನಿಯಮ ಅನ್ವಯಿಸುತ್ತದೆ, ಪ್ರಬೋಧನೆಯಲ್ಲಿ ಹೆಸರಿಲ್ಲದೆ ಕೂಡ ಆ ಕಥೆಗಳು ಬರಬಾರದು.

ಒಂದು ಗುಂಪಿನವರು ಬಂದು ಕೋಣೆ ಕೇಳಿದರೆ ಪಾಲನಾ ಪರಿಷತ್ತಿನಲ್ಲಿ ದೀರ್ಘ ಚರ್ಚೆ ಬೇಡ. ಅವರಿಗೆ ಬೇಕಾದದ್ದು ಇಪ್ಪತ್ತು ಕುರ್ಚಿ, ಒಂದು ಫ್ಯಾನು, ನೀರು, ಮುಖ್ಯ ದ್ವಾರದಿಂದ ಸ್ವಲ್ಪ ಮರೆಯಾದ ಬಾಗಿಲು. ಬಾಡಿಗೆ ಬೇಡವೆಂದರೆ ಅವರೇ ಒಪ್ಪುವುದಿಲ್ಲ. ಚಿಕ್ಕ ಮೊತ್ತವೊಂದನ್ನು ಗೊತ್ತುಮಾಡಿ ರಸೀದಿ ಕೊಡಿ. ಹಬ್ಬ ಬಂತು, ಮದುವೆ ಬಂತು ಎಂದು ಆ ಸಂಜೆ ಕೋಣೆಯನ್ನು ಬೇರೆಯವರಿಗೆ ಕೊಡಬೇಡಿ, ಏಕೆಂದರೆ ಹಬ್ಬದ ದಿನವೇ ಅವರಿಗೆ ಮೀಟಿಂಗ್ ಹೆಚ್ಚು ಬೇಕು. ಬೀಗದ ಕೈ ಉಪದೇಶಿಯವರ ಹತ್ತಿರ ಒಂದು, ಗುಂಪಿನವರ ಹತ್ತಿರ ಒಂದು ಇರಲಿ. ಸಂತ ತೋಮಸರ ಹಬ್ಬದ ವಾರ ದೇವಾಲಯದ ಸೂಚನಾ ಫಲಕದಲ್ಲಿ 14446 ಮತ್ತು 14416 ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಬರೆಸಿ, ಹತ್ತಿರದ ಮೀಟಿಂಗಿನ ದಿನ ಮತ್ತು ಸಮಯವನ್ನು ಅದರ ಕೆಳಗೆ ಹಾಕಿ. ನಿಂತು ಓದಲು ನಾಚುವವರಿಗಾಗಿ ಅದನ್ನೇ ಚಿಕ್ಕ ಚೀಟಿಗಳಲ್ಲಿ ಬರೆದು, ಹಿಂಬದಿಯ ಬಾಗಿಲ ಬಳಿಯ ತೀರ್ಥಪಾತ್ರೆಯ ಪಕ್ಕದಲ್ಲಿ ಒಂದು ಕಟ್ಟು ಇಟ್ಟುಬಿಡಿ. ಯಾರು ತೆಗೆದುಕೊಂಡರೆಂದು ನೋಡುತ್ತ ನಿಲ್ಲುವುದು ಬೇಡ.